ಮಾನಿಟರ್ ಸುತ್ತ 11 ಚೀಟಿ: ಲೇಸರ್ ಕೆತ್ತನೆ ಸಾಫ್ಟ್‌ವೇರ್ ಎಲ್ಲಿ ಎಡವುತ್ತದೆ

ಯಾವಾಗಲಾದರೂ ಲೇಸರ್ ಕೆತ್ತನೆ ಮಾಡುವ ಅಂಗಡಿಗೆ ಹೋದರೆ ಮೆಷಿನ್ ಆಮೇಲೆ ನೋಡಿ, ಮೊದಲು ಅದರ ಪಕ್ಕದ ಕಂಪ್ಯೂಟರ್ ನೋಡಿ. ಮಾನಿಟರ್ ಅಂಚಿನ ತುಂಬ ಚೀಟಿ ಅಂಟಿಸಿರುತ್ತಾರೆ.

ನನ್ನ ಗೆಳೆಯನೊಬ್ಬನದು ಇಂಥದ್ದೇ ಅಂಗಡಿ. ಶಾಲೆಗಳ ಶೀಲ್ಡು, ಮನೆ ಬಾಗಿಲಿನ ನೇಮ್‌ಬೋರ್ಡು, ನಿವೃತ್ತಿಯಾಗುವವರಿಗೆ ಕೊಡುವ ಮೊಮೆಂಟೊ, ಇವೇ ಅವನ ಕೆಲಸ. ಒಂದು 60 ವ್ಯಾಟ್ ಸಿಒ2 ಮೆಷಿನ್ ಇದೆ (ಕಾರ್ಬನ್ ಡೈಆಕ್ಸೈಡ್ ಅನಿಲ ತುಂಬಿದ ಟ್ಯೂಬಿನಿಂದ ಲೇಸರ್ ಬರುವಂಥದ್ದು), ಜೊತೆಗೆ ಒಂದು ಸಣ್ಣ ಡಯೋಡ್ ಮೆಷಿನ್ (ಪುಟ್ಟ ಚಿಪ್‌ನಿಂದ ಲೇಸರ್ ಬರುವಂಥದ್ದು). ಮಾನಿಟರ್ ಸುತ್ತ 11 ಚೀಟಿ ಇವೆ, ನಾನು ಎಣಿಸಿದ್ದೇನೆ. ಕೆಂಪು ಪೆನ್ನಿನಲ್ಲಿ 'ಮೊದಲು ಫ್ರೇಮ್!!' ಅಂತ ಒಂದು. 'ಆಕ್ರಿಲಿಕ್ 3 = 15 / 60' ಅಂತ ಒಂದು. 'ಕಟಿಂಗ್ ಕೊನೆಗೆ', 'ಎರರ್ 9 ಬಂದ್ರೆ ಹೋಮ್', 'ಕನ್ನಡ ಕರ್ವ್ ಮಾಡಿ ತಾ', ಹೀಗೆ.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಸ್ಕ್ರೀನ್ ವಿನ್ಯಾಸ ಮಾಡುವವನು. ಹಾಗಾಗಿ ಆ ಚೀಟಿಗಳನ್ನು ನೋಡಿದಾಗ ನಗು ಬರಲಿಲ್ಲ, ಸ್ವಲ್ಪ ನಾಚಿಕೆಯಾಯಿತು. ಒಂದೊಂದೂ ಸಾಫ್ಟ್‌ವೇರೇ ಹೇಳಬೇಕಾಗಿದ್ದ ಮಾತು. ಅದು ಹೇಳಲಿಲ್ಲ, ಇವನು ಹಲಗೆ ಹಾಳು ಮಾಡಿಕೊಂಡು ಕಲಿತ, ಕಲಿತದ್ದನ್ನು ಬರೆದು ಅಂಟಿಸಿದ.

ಬೇರೆ ಸಾಫ್ಟ್‌ವೇರ್‌ಗೂ ಇದಕ್ಕೂ ಏನು ವ್ಯತ್ಯಾಸ ಅಂದರೆ, ಪತ್ರ ಟೈಪ್ ಮಾಡುವಾಗ ತಪ್ಪಾದರೆ ಕಂಟ್ರೋಲ್ ಝಡ್ ಒತ್ತುತ್ತೀರಿ. ತೇಗದ ಹಲಗೆಗೆ ಕಂಟ್ರೋಲ್ ಝಡ್ ಇಲ್ಲ. ಸುಟ್ಟದ್ದು ಸುಟ್ಟಿತು. ಅಂದಮೇಲೆ ಸ್ಕ್ರೀನ್ ಮಾಡಬೇಕಾದ ಸಹಾಯವನ್ನೆಲ್ಲ ಸ್ಟಾರ್ಟ್ ಬಟನ್ ಒತ್ತುವ ಮೊದಲೇ ಮಾಡಿ ಮುಗಿಸಬೇಕು. ಎಲ್ಲಿ ಸುಡುತ್ತೆ, ಎಷ್ಟು ಕಪ್ಪಾಗುತ್ತೆ, ಯಾವುದು ಮೊದಲು, ಎಷ್ಟು ಹೊತ್ತು. ಈ ನಾಲ್ಕು ಪ್ರಶ್ನೆಗೆ ಉತ್ತರ ಕಾಣುವಂತಿದ್ದರೆ ಬಟನ್‌ಗಳ ಬಣ್ಣ ಹೇಗಿದ್ದರೂ ನನಗೆ ಚಿಂತೆಯಿಲ್ಲ.

ಮೆಷಿನ್ ಬಗ್ಗೆ ಎರಡು ಮಾತು. ಹಲಗೆ ಇಡಲು ಒಂದು ಬೆಡ್, ಅದರ ಮೇಲೆ ಓಡಾಡುವ ಒಂದು ಹೆಡ್, ಹೆಡ್‌ನಿಂದ ಕೆಳಗೆ ಬೀಳುವ ಲೇಸರ್. ಸಾಫ್ಟ್‌ವೇರ್ ನಿಮ್ಮ ಡಿಸೈನನ್ನು 'ಇಲ್ಲಿಗೆ ಹೋಗು, ಇಷ್ಟು ವೇಗದಲ್ಲಿ, ಇಷ್ಟು ಪವರ್‌ನಲ್ಲಿ' ಅನ್ನುವ ಸಾಲು ಸಾಲು ಆದೇಶಗಳಾಗಿ ಬದಲಿಸಿ ಕಂಟ್ರೋಲರ್‌ಗೆ, ಅಂದರೆ ಮೆಷಿನ್ ಓಡಿಸುವ ಒಳಗಿನ ಬೋರ್ಡಿಗೆ, ಕಳಿಸುತ್ತದೆ. ಸಣ್ಣ ಡಯೋಡ್ ಮೆಷಿನ್‌ಗಳಲ್ಲಿ ಈ ಆದೇಶಗಳ ಭಾಷೆ ಸಾಮಾನ್ಯವಾಗಿ ಜಿ-ಕೋಡ್, ಅದನ್ನು ಓದುವುದು ಜಿಆರ್‌ಬಿಎಲ್ ಅನ್ನುವ ಪುಟ್ಟ ಪ್ರೋಗ್ರಾಂ. ದೊಡ್ಡ ಸಿಒ2 ಮೆಷಿನ್‌ಗಳಲ್ಲಿ ರುಯಿಡಾ ಕಂಪನಿಯ ಕಂಟ್ರೋಲರ್ ಜಾಸ್ತಿ ಕಾಣುತ್ತದೆ. ಅಂದಹಾಗೆ ಸಿಒ2 ಲೇಸರನ್ನು 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಂಡುಹಿಡಿದವರು ನಮ್ಮ ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಕುಮಾರ್ ಪಟೇಲ್.

ಈಗ ಚೀಟಿಗೆ ಬರೋಣ. 'ಮೊದಲು ಫ್ರೇಮ್!!'

ಎರಡು ವರ್ಷದ ಹಿಂದಿನ ನವೆಂಬರ್. ರಾಜ್ಯೋತ್ಸವದ ಆರ್ಡರ್‌ಗಳ ಗಡಿಬಿಡಿ. 24 ಹಲಗೆ, ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು. ಕೆಲಸದ ಹುಡುಗ ಊಟಕ್ಕೆ ಹೋಗುವ ಮೊದಲು ಒಂದು ಸಣ್ಣ ಕೀಚೈನ್ ಮಾಡಿದ್ದ. ಅದಕ್ಕಾಗಿ 'ಎಲ್ಲಿಂದ ಶುರು' ಅನ್ನುವ ಆಯ್ಕೆಯನ್ನು ಬದಲಿಸಿದ್ದ, ಮರಳಿ ಹಾಕಲಿಲ್ಲ. ನನ್ನ ಗೆಳೆಯ ಬಂದ, ಹಲಗೆ ಇಟ್ಟ, ಸ್ಟಾರ್ಟ್ ಒತ್ತಿದ. ಹೆಸರಿನ ಅರ್ಧ ಹಲಗೆಯ ಮೇಲೆ, ಇನ್ನರ್ಧ ಕೆಳಗಿನ ಜೇನುಗೂಡಿನಂಥ ಜಾಲರಿಯ ಮೇಲೆ. 'ಅಣ್ಣಾ, ನಾನೇನೂ ಮುಟ್ಟಿಲ್ಲ' ಅಂತ ಹುಡುಗ. ಅವನು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಮರೆತಿದ್ದ. ಸ್ಕ್ರೀನ್ ಮೇಲೆ ಡಿಸೈನ್ ಮಾತ್ರ ಸರಿಯಾಗಿ ನಡುವೆಯೇ ಕೂತಿತ್ತು!

ಹೆಚ್ಚಿನ ಲೇಸರ್ ಸಾಫ್ಟ್‌ವೇರ್‌ಗಳಲ್ಲಿ ಕೆಲಸ ಎಲ್ಲಿಂದ ಶುರುವಾಗಬೇಕು ಅನ್ನುವುದಕ್ಕೆ ಒಂದಕ್ಕಿಂತ ಜಾಸ್ತಿ ದಾರಿ ಇರುತ್ತವೆ. ಲೈಟ್‌ಬರ್ನ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಮೂರು. ಒಂದು, ಬೆಡ್‌ನ ಲೆಕ್ಕ: ಸ್ಕ್ರೀನ್ ಮೇಲೆ ಎಲ್ಲಿದೆಯೋ ಬೆಡ್ ಮೇಲೂ ಅಲ್ಲೇ. ಇನ್ನೊಂದು, ನೀವು ಮೊದಲೇ ಗುರುತು ಮಾಡಿಟ್ಟ ಜಾಗದಿಂದ. ಮತ್ತೊಂದು, ಹೆಡ್ ಈಗ ಎಲ್ಲಿ ನಿಂತಿದೆಯೋ ಅಲ್ಲಿಂದ. ಕೊನೆಯ ಎರಡರಲ್ಲಿ ಒಂಬತ್ತು ಚುಕ್ಕೆಗಳ ಒಂದು ಚೌಕವೂ ಲೆಕ್ಕಕ್ಕೆ ಬರುತ್ತದೆ. ಹೆಡ್ ನಿಂತಿರುವುದು ಡಿಸೈನಿನ ಎಡ ಮೂಲೆಯಾ, ನಡುವಾ, ಬಲ ಮೂಲೆಯಾ ಅನ್ನುವುದನ್ನು ಅದು ಹೇಳುತ್ತದೆ. ಮೂರೂ ಬೇಕೇ ಬೇಕು. ಎಷ್ಟೋ ಅಗ್ಗದ ಡಯೋಡ್ ಮೆಷಿನ್‌ಗಳಲ್ಲಿ ಹೆಡ್ ಎಲ್ಲಿದೆ ಅಂತ ಮೆಷಿನ್‌ಗೇ ಗೊತ್ತಿರುವುದಿಲ್ಲ, ಅಂಚು ಮುಟ್ಟಿ ತಿಳಿದುಕೊಳ್ಳುವ ಸ್ವಿಚ್ಚೇ ಇರುವುದಿಲ್ಲ. ಅಂಥದ್ದಕ್ಕೆ 'ಈಗ ನಿಂತಿರುವ ಜಾಗದಿಂದ' ಅನ್ನುವುದೇ ಸರಿ. ಹಾಗಾಗಿ ಮೂರರಲ್ಲಿ ಎರಡನ್ನು ತೆಗೆದು ಹಾಕಿ ಅನ್ನುವುದು ಪರಿಹಾರವಲ್ಲ.

ತೊಂದರೆ ಏನೆಂದರೆ, ಒಂದೇ ಸ್ಟಾರ್ಟ್ ಬಟನ್ ಮೂರು ಬೇರೆ ಬೇರೆ ಕೆಲಸ ಮಾಡುತ್ತದೆ. ಯಾವುದು ಅನ್ನುವುದು ಮೂಲೆಯಲ್ಲಿರುವ ಒಂದು ಸಣ್ಣ ಪಟ್ಟಿಯಲ್ಲಿ ಅಡಗಿದೆ. ನಮ್ಮ ಕಸುಬಿನಲ್ಲಿ ಇದಕ್ಕೆ ಮೋಡ್ ಅನ್ನುತ್ತಾರೆ. 1970ರ ದಶಕದಲ್ಲಿ ಜೆರಾಕ್ಸ್ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿದ್ದ ಲ್ಯಾರಿ ಟೆಸ್ಲರ್, ನಾವು ದಿನಾ ಮಾಡುವ ಕಟ್-ಕಾಪಿ-ಪೇಸ್ಟ್‌ಗೆ ರೂಪ ಕೊಟ್ಟವರಲ್ಲಿ ಒಬ್ಬರು, ಜೀವನಪೂರ್ತಿ ಈ ಮೋಡ್‌ಗಳ ವಿರುದ್ಧ ಹೋರಾಡಿದರು. ಕಾರಿನ ನಂಬರ್ ಪ್ಲೇಟಿನ ಮೇಲೂ 'ನೋ ಮೋಡ್ಸ್' ಅಂತಲೇ ಹಾಕಿಸಿಕೊಂಡಿದ್ದರು. ಲೇಸರ್‌ನಲ್ಲಿ ಮೋಡ್ ಪೂರ್ತಿ ತೆಗೆಯಲು ಆಗಲ್ಲ, ಆದರೆ ಕಾಣುವಂತೆ ಮಾಡಬಹುದು. ಪಟ್ಟಿಯಲ್ಲಿ ಒಂದು ಪದ ಇಡುವ ಬದಲು ಸ್ಟಾರ್ಟ್ ಬಟನ್ ಪಕ್ಕದಲ್ಲೇ ಒಂದು ಇಡೀ ವಾಕ್ಯ ಬರೆಯಲಿ: 'ಹೆಡ್ ಈಗಿರುವ ಜಾಗ ಡಿಸೈನಿನ ನಡು ಆಗುತ್ತದೆ.' ಜೊತೆಗೆ, ಸ್ಕ್ರೀನ್ ಮೇಲೆ ನೀವು ಡಿಸೈನ್ ಎಲ್ಲಿ ಬೇಕಾದರೂ ಇಟ್ಟುಕೊಳ್ಳಿ, ನಿಜವಾಗಿ ಸುಡುವ ಜಾಗವನ್ನು ಒಂದು ಮಸುಕು ನೆರಳಿನಂತೆ ಬೆಡ್ ಮೇಲೆ ತೋರಿಸಲಿ. ಆ ದಿನ ಅಂಥ ನೆರಳು ಡಿಸೈನಿನಿಂದ ಅರ್ಧ ಆಚೆ ಬಿದ್ದಿದ್ದರೆ ಯಾರಿಗಾದರೂ ಕಣ್ಣಿಗೆ ಬೀಳುತ್ತಿತ್ತು, ಅಲ್ವಾ?

ಫ್ರೇಮ್ ಅಂದರೆ ಲೇಸರ್ ಸುಡದೆ, ಹೆಡ್ ಮಾತ್ರ ಡಿಸೈನಿನ ಗಡಿ ಸುತ್ತಿ ಬರುವುದು. ಬಹಳ ಒಳ್ಳೆಯ ಬಟನ್. ಆದರೆ ಅದನ್ನು ಒತ್ತಬೇಕು ಅಂತ ನೆನಪಿಡುವ ಕೆಲಸ ಮನುಷ್ಯನದ್ದಾಗಿದೆ. ಸಾಫ್ಟ್‌ವೇರ್‌ಗೆ ಎಲ್ಲವೂ ಗೊತ್ತಿರುತ್ತದೆ: ಹಿಂದಿನ ಕೆಲಸಕ್ಕೂ ಇದಕ್ಕೂ ನಡುವೆ ಶುರುವಿನ ಜಾಗ ಬದಲಾಗಿದೆ, ಅಳತೆ ಬದಲಾಗಿದೆ, ಫ್ರೇಮ್ ಮಾಡಿಲ್ಲ. ಆಗ ಮಾತ್ರ ಕೇಳಲಿ. ಪ್ರತಿ ಸಲ ಕೇಳಿದರೆ 24 ಹಲಗೆಯಲ್ಲಿ ಮೂರನೆಯದಕ್ಕೇ ಕೈ ತಾನಾಗಿ 'ಓಕೆ' ಒತ್ತಿಬಿಡುತ್ತದೆ, ಆಮೇಲೆ ಆ ಪ್ರಶ್ನೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಎರಡನೇ ಚೀಟಿ, '15 / 60'. 3 ಮಿಲಿಮೀಟರ್ ಆಕ್ರಿಲಿಕ್ ಕತ್ತರಿಸಲು ಸೆಕೆಂಡಿಗೆ 15 ಮಿಲಿಮೀಟರ್ ವೇಗ, ಶೇಕಡಾ 60 ಪವರ್. ಇದು ಅವನ ಮೆಷಿನ್‌ಗೆ ಮಾತ್ರ ಸರಿ. ನೀವು ಬರೆದುಕೊಂಡು ಹೋಗಿ ನಿಮ್ಮದರಲ್ಲಿ ಹಾಕಿದರೆ ಏನಾಗುತ್ತೆ ಅಂತ ಹೇಳಲಾಗದು, ಯಾಕೆಂದರೆ ಶೇಕಡಾ 60 ಅನ್ನುವುದು 60 ವ್ಯಾಟಿನಲ್ಲಿ ಒಂದು, 10 ವ್ಯಾಟಿನಲ್ಲಿ ಇನ್ನೊಂದು. ಮೇಲಾಗಿ ಒಂದು ಸಾಫ್ಟ್‌ವೇರ್ ವೇಗವನ್ನು ಸೆಕೆಂಡಿನಲ್ಲಿ ಕೇಳುತ್ತದೆ, ಇನ್ನೊಂದು ನಿಮಿಷದಲ್ಲಿ. ಸೆಕೆಂಡಿಗೆ 100 ಅಂದರೆ ನಿಮಿಷಕ್ಕೆ 6000. ಘಟಕ ನೋಡದೆ ಅಂಕಿ ಮಾತ್ರ ನಕಲು ಮಾಡಿದರೆ 60 ಪಟ್ಟು ತಪ್ಪು. ಹಲಗೆ ಒಂದೋ ಬೆಳ್ಳಗೇ ಉಳಿಯುತ್ತದೆ, ಇಲ್ಲ ಹೊಗೆ ಏಳುತ್ತದೆ.

ಇನ್ನೂ ಒಂದು ಕಾಣದ ಹಳ್ಳ ಇದೆ. ಜಿಆರ್‌ಬಿಎಲ್‌ನಲ್ಲಿ ಪವರ್ ಶೇಕಡಾದಲ್ಲಿ ಹೋಗುವುದಿಲ್ಲ, ಎಸ್ ಅನ್ನುವ ಒಂದು ಅಂಕಿಯಾಗಿ ಹೋಗುತ್ತದೆ. ಪೂರ್ತಿ ಪವರ್ ಅಂದರೆ ಎಸ್ ಎಷ್ಟು ಅನ್ನುವುದು ಮೆಷಿನ್ ಒಳಗೆ ಡಾಲರ್ 30 ಅನ್ನುವ ಸೆಟ್ಟಿಂಗ್‌ನಲ್ಲಿರುತ್ತದೆ, ಸಾಮಾನ್ಯವಾಗಿ 1000. ಸಾಫ್ಟ್‌ವೇರ್ ಅದನ್ನು 255 ಅಂದುಕೊಂಡಿದ್ದರೆ ನೀವು ನೂರಕ್ಕೆ ನೂರು ಅಂದರೂ ಕಾಲು ಭಾಗದ ಪವರ್ ಮಾತ್ರ ಬರುತ್ತದೆ. 'ಲೇಸರ್ ಹೋಯ್ತು' ಅಂತ ರಿಪೇರಿಯವನಿಗೆ ಫೋನ್ ಮಾಡುವಷ್ಟು ದೂರ ಹೋಗುತ್ತೀರಿ. ಉಲ್ಟಾ ಆದರೆ ಇನ್ನೂ ಮಜ. ಮೆಷಿನ್‌ನಲ್ಲಿ 255, ಸಾಫ್ಟ್‌ವೇರ್‌ನಲ್ಲಿ 1000 ಇದ್ದರೆ ಶೇಕಡಾ 26ರ ಮೇಲೆ ಎಷ್ಟು ಕೊಟ್ಟರೂ ಪೂರ್ತಿ ಪವರ್ರೇ. 30 ಕೊಡಿ, 90 ಕೊಡಿ, ಒಂದೇ ಕಪ್ಪು. ಮೆಷಿನ್‌ಗೆ ಎರಡು ಡಾಲರ್ ಚಿಹ್ನೆ ಕಳಿಸಿದರೆ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ತಾನೇ ಹೇಳುತ್ತದೆ. ಕನೆಕ್ಟ್ ಆದ ತಕ್ಷಣ ಕೇಳಿ, ಹೋಲಿಸಿ, ಹೊಂದದಿದ್ದರೆ ಹೇಳುವುದು ಸಾಫ್ಟ್‌ವೇರ್ ಕೆಲಸ.

ಹಾಗಾದರೆ ವೇಗ, ಪವರ್ ಎರಡನ್ನೂ ಮುಚ್ಚಿಟ್ಟು 'ತಿಳಿ – ಮಧ್ಯಮ – ಗಾಢ' ಅಂತ ಮೂರು ಬಟನ್ ಇಟ್ಟರೆ? ಗ್ಲೋಫೋರ್ಜ್ ಕಂಪನಿ ಇದರ ಹತ್ತಿರದ ದಾರಿ ಹಿಡಿದಿದೆ. ಅವರೇ ಮಾರುವ ಹಲಗೆಗಳ ಮೇಲೆ ಕ್ಯೂಆರ್ ಕೋಡ್ ಇರುತ್ತದೆ, ಮೆಷಿನ್ ಒಳಗಿನ ಕ್ಯಾಮೆರಾ ಅದನ್ನು ಓದಿ ಸೆಟ್ಟಿಂಗ್ ತಾನೇ ಹಾಕುತ್ತದೆ. ಹೊಸಬರಿಗೆ ಬಹಳ ಹಿತ. ಆದರೆ ನಮ್ಮ ಗೆಳೆಯ ಹಲಗೆ ತರುವುದು ಸಾಮಿಲ್‌ನಿಂದ. ಈ ವಾರದ ತೇಗ ಹೋದ ವಾರದ ತೇಗದಂತೆ ಸುಡುವುದಿಲ್ಲ. ಅಂಕಿ ಮುಚ್ಚಿಟ್ಟರೆ ಅವನ ಕೈ ಕಟ್ಟಿದ ಹಾಗೆ.

ನನಗೆ ಸರಿ ಅನಿಸುವ ದಾರಿ ಬೇರೆ. ಒಂದು ಚಿಕ್ಕ ಲೆಕ್ಕ ನೋಡಿ. 10 ವ್ಯಾಟ್ ಲೇಸರ್, ಸೆಕೆಂಡಿಗೆ 100 ಮಿಲಿಮೀಟರ್ ವೇಗ, ಗೆರೆಯಿಂದ ಗೆರೆಗೆ 0.1 ಮಿಲಿಮೀಟರ್ ಅಂತರ. ಒಂದು ಸೆಕೆಂಡಿಗೆ 10 ಚದರ ಮಿಲಿಮೀಟರ್ ಜಾಗ ಆವರಿಸುತ್ತದೆ, ಅಂದರೆ ಒಂದು ಚದರ ಮಿಲಿಮೀಟರಿಗೆ 1 ಜೂಲ್ ಶಾಖ. ವೇಗ 200 ಮಾಡಿ, ಅರ್ಧ ಜೂಲ್ ಆಯಿತು. ವೇಗ ಮೊದಲಿನ 100ಕ್ಕೇ ಇಟ್ಟು ಗೆರೆಗಳನ್ನು ಎರಡರಷ್ಟು ಒತ್ತಾಗಿಸಿ, 2 ಜೂಲ್ ಆಯಿತು. ಒಲೆ ಉರಿ ಎಷ್ಟು ಅನ್ನುವುದೂ ರೊಟ್ಟಿ ಹಂಚಿನ ಮೇಲೆ ಎಷ್ಟು ಹೊತ್ತಿತ್ತು ಅನ್ನುವುದೂ ಸೇರಿಯೇ ಅದು ಸೀಯುತ್ತೋ ಇಲ್ಲವೋ ಅಂತ ತೀರ್ಮಾನ ಆಗುತ್ತದಲ್ಲ, ಹಾಗೇ ಇದು. ಆದರೆ ಸ್ಕ್ರೀನ್ ಮೇಲೆ ಈ ಮೂರು ಅಂಕಿ ಮೂರು ಬೇರೆ ಪೆಟ್ಟಿಗೆಯಲ್ಲಿ, ಕೆಲವು ಕಡೆ ಬೇರೆ ಬೇರೆ ಟ್ಯಾಬ್‌ನಲ್ಲಿ ಕೂತಿರುತ್ತವೆ. ಒಂದನ್ನು ಬದಲಿಸಿದರೆ ಒಟ್ಟು ಶಾಖ ಏರಿತೋ ಇಳಿಯಿತೋ ಅಂತ ಹೇಳುವವರೇ ಇಲ್ಲ. ಮೂರನ್ನೂ ಒಂದೇ ಕಡೆ ಇಟ್ಟು, ಕೆಳಗೆ ಒಂದು ಪಟ್ಟಿ ಬೆಳ್ಳಗಿನಿಂದ ಕಪ್ಪಿನ ಕಡೆ ಜಾರುವಂತೆ ಮಾಡಿದರೆ ಸಾಕು. ಜೂಲ್ ಅನ್ನುವ ಪದವೇ ಬೇಡ. ಅದು ಕರಾರುವಾಕ್ಕಾಗಿ ಇರುವುದಿಲ್ಲ, ಮರದಿಂದ ಮರಕ್ಕೆ ಬದಲಾಗುತ್ತದೆ, ಆದರೆ ಯಾವ ದಿಕ್ಕಿಗೆ ಹೋಗುತ್ತಿದ್ದೇನೆ ಅನ್ನುವುದಾದರೂ ಗೊತ್ತಾಗುತ್ತದೆ.

ಇನ್ನು ಟೆಸ್ಟ್ ಗ್ರಿಡ್. ಅಡ್ಡಕ್ಕೆ ವೇಗ, ಉದ್ದಕ್ಕೆ ಪವರ್, ನಡುವೆ ಪುಟ್ಟ ಪುಟ್ಟ ಚೌಕಗಳು. ಒಂದು ತುಂಡಿನ ಮೇಲೆ ಸುಟ್ಟು ಯಾವುದು ಚೆನ್ನಾಗಿದೆ ನೋಡುತ್ತಾರೆ. ಇದು ಲೈಟ್‌ಬರ್ನ್‌ನಲ್ಲೇ ಇದೆ, ಸೆಟ್ಟಿಂಗ್ ಉಳಿಸಿಡುವ ಮೆಟೀರಿಯಲ್ ಲೈಬ್ರರಿಯೂ ಇದೆ. ನನ್ನ ಆಸೆ ಇಷ್ಟೇ: ಸುಟ್ಟಾದ ಮೇಲೆ ಅದೇ ಗ್ರಿಡ್ ಸ್ಕ್ರೀನ್ ಮೇಲೆ ಉಳಿಯಲಿ, ಇಷ್ಟವಾದ ಚೌಕದ ಮೇಲೆ ಒತ್ತಿದರೆ 'ತೇಗ, 12 ಎಂಎಂ' ಅಂತ ಹೆಸರು ಕೇಳಿ ಉಳಿಸಿಕೊಳ್ಳಲಿ. ನಡುವೆ ಪೆನ್ನು, ಚೀಟಿ, ಗೋಂದು ಯಾಕೆ? ಲೈಬ್ರರಿ ಇದ್ದೂ ನನ್ನ ಗೆಳೆಯ ಬಳಸುವುದಿಲ್ಲ. 'ಚೀಟಿ ಬರೆಯೋದು ಬೇಗ ಆಗುತ್ತಪ್ಪ' ಅಂತಾನೆ.

'ಎರರ್ 9 ಬಂದ್ರೆ ಹೋಮ್.' ಇದರ ಕಥೆ ಸ್ವಾರಸ್ಯ. ಜಿಆರ್‌ಬಿಎಲ್ ಮಾಡಿದ್ದು ಆರ್ಡುಯಿನೊ ಉನೊದಂಥ ಪುಟ್ಟ ಬೋರ್ಡಿಗೆ, ಅದರ ಚಿಪ್‌ನಲ್ಲಿ ಪ್ರೋಗ್ರಾಂ ಇಡುವ ಫ್ಲ್ಯಾಶ್ ಜಾಗ ಬರೀ 32 ಕಿಲೋಬೈಟ್. ಅಷ್ಟರಲ್ಲಿ ಮೋಟಾರ್ ಲೆಕ್ಕ ಎಲ್ಲ ಹಿಡಿಸಬೇಕು. ಉದ್ದುದ್ದ ವಾಕ್ಯಗಳಿಗೆ ಜಾಗ ಎಲ್ಲಿಂದ ಬರಬೇಕು? ಅದಕ್ಕೇ 'ಎರರ್ 9' ಅಂತ ಅಂಕಿ ಹೇಳಿ ಸುಮ್ಮನಾಗುತ್ತದೆ. ಅರ್ಥ ಇಷ್ಟು: ಮೆಷಿನ್ ಅಲಾರಂ ಸ್ಥಿತಿಯಲ್ಲಿ ಬೀಗ ಹಾಕಿಕೊಂಡಿದೆ, ಈಗ ನಿಮ್ಮ ಆದೇಶ ಕೇಳುವುದಿಲ್ಲ. ಹೋಮಿಂಗ್ ಇರುವ ಮೆಷಿನ್‌ನಲ್ಲಿ ಒಮ್ಮೆ ಹೋಮ್ ಮಾಡಿದರೆ, ಅಂದರೆ ಹೆಡ್ ಅಂಚಿನ ಸ್ವಿಚ್ ಮುಟ್ಟಿ ತಾನೆಲ್ಲಿದ್ದೇನೆ ಅಂತ ತಿಳಿದುಕೊಂಡರೆ, ಬೀಗ ತೆಗೆಯುತ್ತದೆ. ಹಾಗೇ 'ಅಲಾರಂ 2' ಅಂದರೆ ನೀವು ಕೊಟ್ಟ ಡಿಸೈನ್ ಬೆಡ್‌ನ ಗಡಿ ದಾಟುತ್ತಿದೆ ಅಂತ. ಚಿಪ್‌ನಲ್ಲಿ ಜಾಗವಿಲ್ಲ, ಒಪ್ಪಿಕೊಳ್ಳೋಣ. ಪಕ್ಕದ ಕಂಪ್ಯೂಟರ್‌ನಲ್ಲಿ ಜಾಗಕ್ಕೇನು ಬರ? ಅಂಕಿಯನ್ನು ಹಾಗೇ ದಾಟಿಸುವ ಸಾಫ್ಟ್‌ವೇರ್‌ಗಳನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. 'ಮೆಷಿನ್ ಲಾಕ್ ಆಗಿದೆ' ಅಂತ ಹೇಳಿ, ಅದರ ಪಕ್ಕದಲ್ಲೇ ಹೋಮ್ ಬಟನ್ ಕೊಡಬೇಕು. ತಪ್ಪು ಏನು ಅನ್ನುವ ಮಾತೂ ಅದನ್ನು ಸರಿಮಾಡುವ ಗುಂಡಿಯೂ ಒಂದೇ ಜಾಗದಲ್ಲಿರಬೇಕು.

ಗಡಿ ದಾಟುವ ವಿಚಾರದಲ್ಲಿ ಜನರನ್ನು ಜಾಸ್ತಿ ತಬ್ಬಿಬ್ಬು ಮಾಡುವುದು ಓವರ್‌ಸ್ಕ್ಯಾನ್. ಫೋಟೊ ಕೆತ್ತುವಾಗ ಹೆಡ್ ಅತ್ತಿಂದಿತ್ತ ಓಡುತ್ತದಲ್ಲ, ವೇಗ ಹಿಡಿಯಲು ಮತ್ತು ತಿರುಗಲು ಎರಡೂ ಪಕ್ಕ ಸ್ವಲ್ಪ ಜಾಗ ಬೇಕು, ಬಸ್ಸಿಗೆ ಯೂ-ಟರ್ನ್ ತೆಗೆದುಕೊಳ್ಳಲು ಬೇಕಾದ ಹಾಗೆ. ಡಿಸೈನ್ ಬೆಡ್ ಒಳಗೇ ಇದೆ, ಆದರೂ 'ಹೊರಗಿದೆ' ಅಂತ ಮೆಷಿನ್ ಬೈಯುತ್ತದೆ. ಪಕ್ಕದ ಆ ಜಾಗವನ್ನೂ ಗೆರೆ ಹಾಕಿ ತೋರಿಸಿದರೆ ಯಾರೂ ಕೇಳುವುದೇ ಇಲ್ಲ.

'ಕಟಿಂಗ್ ಕೊನೆಗೆ' ಅನ್ನುವ ಚೀಟಿಗೆ ಜಾಸ್ತಿ ವಿವರಣೆ ಬೇಡ. ಮೊದಲೇ ಕತ್ತರಿಸಿದರೆ ತುಂಡು ಅಲುಗಾಡುತ್ತದೆ, ಕೆಳಗೆ ಬೀಳುತ್ತದೆ, ಆಮೇಲೆ ಅದರ ಮೇಲೆ ಹೆಸರು ಕೆತ್ತಿದರೆ ಸೊಟ್ಟ. ಕೆತ್ತನೆ ಮೊದಲು, ಆಮೇಲೆ ಒಳಗಿನ ತೂತುಗಳು, ಕೊನೆಗೆ ಹೊರಗಿನ ಗೆರೆ. ಇದನ್ನು ಸಾಫ್ಟ್‌ವೇರ್ ತಾನೇ ಮಾಡಿಕೊಂಡು, ಬೇರೆ ಬೇಕಾದವರು ಬದಲಿಸಲಿ ಅಂತ ಬಿಡಬಹುದು.

ಯಾವ ಗೆರೆ ಕಟಿಂಗ್, ಯಾವುದು ಕೆತ್ತನೆ ಅಂತ ಹೇಳಲು ಬಣ್ಣ ಬಳಸುವುದು ಈ ಕಸುಬಿನ ಹಳೇ ರೂಢಿ. ಕೆ40 ವಿಸ್ಪರರ್ ಅನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಕೆಂಪು ಗೆರೆ ಅಂದರೆ ಕತ್ತರಿಸು, ನೀಲಿ ಗೆರೆ ಅಂದರೆ ಗೆರೆ ಕೆತ್ತು, ಕಪ್ಪು ಅಂದರೆ ತುಂಬಿ ಕೆತ್ತು. ಚೆಂದದ ಉಪಾಯ. ಆದರೆ ಒಂದು ದಿನ ಡಯೋಡ್ ಮೆಷಿನ್ ಮುಂದೆ ಕೂತಾಗ ನನಗೊಂದು ಹೊಳೆಯಿತು. ಡಯೋಡ್ ಲೇಸರ್ ಬೆಳಕು ನೀಲಿ, ಸುಮಾರು 450 ನ್ಯಾನೋಮೀಟರ್. ಕಣ್ಣು ಉಳಿಯಬೇಕೆಂದರೆ ಈ ಲೇಸರ್‌ಗೆಂದೇ ಮಾಡಿದ ಕಿತ್ತಳೆ ಬಣ್ಣದ ಕನ್ನಡಕ ಹಾಕಬೇಕು, ಅದು ನೀಲಿಯನ್ನು ತಡೆಯುತ್ತದೆ. ಅದೇ ಕನ್ನಡಕದಲ್ಲಿ ಮಾನಿಟರ್ ನೋಡಿ. ನೀಲಿ ಗೆರೆ ಕಪ್ಪಾಗಿ ಕಾಣುತ್ತದೆ! ಎರಡು ಬಗೆಯ ಗೆರೆ ಒಂದೇ ಆಗಿಬಿಟ್ಟವು. ಹುಡುಗರು ಕನ್ನಡಕ ಎತ್ತಿ ಸ್ಕ್ರೀನ್ ನೋಡುತ್ತಾರೆ, ಕೆಳಗೆ ಹಾಕಿಕೊಳ್ಳಲು ಮರೆಯುತ್ತಾರೆ. ಬಣ್ಣದ ಜೊತೆಗೆ ತುಂಡು ಗೆರೆ, ಚುಕ್ಕಿ ಗೆರೆ, ಇಲ್ಲವೇ 'ಕಟ್' ಅನ್ನುವ ಎರಡಕ್ಷರ ಇದ್ದರೂ ಈ ಅಪಾಯ ಕಡಿಮೆಯಾಗುತ್ತದೆ. ಏಸಿ ರೂಮಿನಲ್ಲಿ ಕೂತು ಡಿಸೈನ್ ಮಾಡುವ ನಮ್ಮಂಥವರಿಗೆ ಇದು ತಲೆಗೆ ಬರುವುದೇ ಇಲ್ಲ.

ಸ್ಟಾಪ್ ಬಟನ್ ಬಗ್ಗೆ ಚೀಟಿ ಇಲ್ಲ, ಇರಬೇಕಿತ್ತು. ಜಿಆರ್‌ಬಿಎಲ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆ ಕಳಿಸಿದರೆ ಹೆಡ್ ತಕ್ಷಣ ನಿಧಾನ ಮಾಡಿ ನಿಲ್ಲುತ್ತದೆ, ಸರತಿಯಲ್ಲಿರುವ ಆದೇಶಗಳಿಗೆ ಕಾಯುವುದಿಲ್ಲ. ಆದರೆ ಕಂಪ್ಯೂಟರ್ರೇ ಹ್ಯಾಂಗ್ ಆದರೆ? ಯುಎಸ್‌ಬಿ ಕಳಚಿದರೆ? ರುಯಿಡಾದಂಥ ಕಂಟ್ರೋಲರ್‌ಗೆ ಫೈಲ್ ಕಳಿಸಿಬಿಟ್ಟಿದ್ದರೆ ಕಂಪ್ಯೂಟರ್ ಆಫ್ ಮಾಡಿದರೂ ಮೆಷಿನ್ ಕೆಲಸ ಮುಂದುವರಿಸುತ್ತದೆ. ಬೆಂಕಿ ಕಂಡರೆ ಒತ್ತಬೇಕಾದ್ದು ಮೆಷಿನ್ ಮೇಲಿನ ಕೆಂಪು ಗುಂಡಿ. ಸ್ಕ್ರೀನ್ ಮೇಲಿನ ಸ್ಟಾಪ್ ದೊಡ್ಡದಿರಲಿ, ಯಾವ ಕಿಟಕಿ ತೆರೆದಿದ್ದರೂ ಕಾಣುತ್ತಿರಲಿ, ಸ್ಟಾರ್ಟ್ ಪಕ್ಕಕ್ಕೆ ಅಂಟಿಕೊಂಡಿರದಿರಲಿ.

ಕೊನೆಗೆ ನಮ್ಮದೇ ಚೀಟಿ: 'ಕನ್ನಡ ಕರ್ವ್ ಮಾಡಿ ತಾ'. ಕನ್ನಡದಲ್ಲಿ ಅಕ್ಷರಗಳು ಸಾಲಾಗಿ ನಿಂತರೆ ಸಾಲದು. ಒತ್ತಕ್ಷರ ಕೆಳಗೆ ಹೋಗಬೇಕು, ಗುಣಿತ ಸೇರಬೇಕು. ಆ ಜೋಡಣೆ ಬಾರದ ಸಾಫ್ಟ್‌ವೇರ್‌ನಲ್ಲಿ 'ಶ್ರೀ' ಟೈಪ್ ಮಾಡಿದರೆ ಬಿಡಿಬಿಡಿಯಾಗಿ ಬೀಳುತ್ತದೆ. ನುಡಿ, ಶ್ರೀಲಿಪಿಯ ಹಳೇ ಫಾಂಟ್‌ಗಳದ್ದು ಬೇರೆಯೇ ಗೋಳು: ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದೇ ಫೈಲ್ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಾಗಾಗಿ ಕೋರೆಲ್‌ಡ್ರಾ ಅನ್ನುವ ಡಿಸೈನ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿ, ಅಕ್ಷರಗಳನ್ನು ಬರೀ ಗೆರೆಗಳಾಗಿ ಬದಲಿಸಿ (ಚೀಟಿಯ 'ಕರ್ವ್' ಅಂದರೆ ಇದೇ), ಆ ಗೆರೆಗಳನ್ನು ಲೇಸರ್ ಸಾಫ್ಟ್‌ವೇರ್‌ಗೆ ತರುತ್ತಾರೆ. ಕೆಲಸ ಆಗುತ್ತದೆ. ಆದರೆ ಗೆರೆಯಾದ ಮೇಲೆ ಅದು ಅಕ್ಷರವಲ್ಲ, ಚಿತ್ರ. 'ಸನ್ಮಾನ' 'ಸನ್ಮನ' ಆಗಿದ್ದರೆ ಮತ್ತೆ ಮೊದಲಿನಿಂದ.

ಇನ್ನೊಂದು ಕಾಟ ಇದೆ. ಒತ್ತಕ್ಷರದ ಗೆರೆ ಮೇಲಿನ ಅಕ್ಷರದ ಗೆರೆಯನ್ನು ಎಲ್ಲಾದರೂ ದಾಟಿದ್ದರೆ, ತುಂಬಿ ಕೆತ್ತುವಾಗ ಎರಡೂ ಕೂಡುವ ಜಾಗ ಕೆತ್ತದೆ ಬೆಳ್ಳಗೆ ಉಳಿಯುತ್ತದೆ. ಗೆರೆ ದಾಟಿದಾಗಲೆಲ್ಲ ಒಳಗೆ, ಹೊರಗೆ ಅಂತ ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ, ಎರಡು ಸಲ ಒಳಗೆ ಹೋದದ್ದು ಹೊರಗೆ ಅಂತಾಗಿಬಿಡುತ್ತದೆ. ವೆಲ್ಡ್ ಮಾಡಿದರೆ, ಅಂದರೆ ಎರಡನ್ನೂ ಬೆಸೆದರೆ, ಸರಿಹೋಗುತ್ತದೆ. ಇಂಗ್ಲಿಷ್‌ನಲ್ಲಿ ಕೈಬರಹದಂತೆ ಅಕ್ಷರಗಳು ಕೂಡಿಕೊಂಡಿರುವ ಫಾಂಟ್ ಬಳಸಿದಾಗ ಮಾತ್ರ ಕಾಡುವ ಸಮಸ್ಯೆ ಕನ್ನಡದಲ್ಲಿ ದಿನವೂ ಎದುರಾಗಬಹುದು. ಪ್ರಿವ್ಯೂನಲ್ಲಿ ಅಂಥ ಜಾಗಗಳನ್ನು ಕೆಂಪಗೆ ಮಿನುಗಿಸಿ 'ಬೆಸೆಯಲೇ?' ಅಂತ ಕೇಳುವುದು ದೊಡ್ಡ ಕೆಲಸವೇನಲ್ಲ.

ಇಡೀ ಸಾಫ್ಟ್‌ವೇರನ್ನು ಕನ್ನಡಕ್ಕೆ ಅನುವಾದಿಸಿದರೆ ಆಗುವುದಿಲ್ಲವಾ ಅಂತ ಕೇಳಿದ್ದೆ. ಹುಡುಗ ನಕ್ಕ. 'ಅಣ್ಣಾ, ಪವರ್ ಅನ್ನೋದಕ್ಕೆ ಶಕ್ತಿ ಅಂತ ಹಾಕಿದ್ರೆ ನಂಗೆ ಅರ್ಥ ಆಗಲ್ಲ. ಪವರ್ ಅಂತಲೇ ಇರಲಿ, ಕನ್ನಡ ಅಕ್ಷರದಲ್ಲಿ ಬರೀರಿ.' ಅವನು ಹೇಳಿದ್ದು ಸರಿ ಅನಿಸಿತು.

ಇಂಥ ಸ್ಕ್ರೀನ್ ಸುಧಾರಿಸಬೇಕು ಅಂತಿರುವವರು ಒಂದು ದಿನ ಸುಮ್ನೆ ಅಂಗಡಿಯಲ್ಲಿ ಕೂರಬೇಕು. ಏನೂ ಹೇಳಿಕೊಡಬಾರದು, ಮೌಸ್ ಎಲ್ಲಿ ತಡವರಿಸುತ್ತೆ, ಕಣ್ಣು ಯಾವಾಗ ಚೀಟಿಯ ಕಡೆ ಹೋಗುತ್ತೆ ನೋಡುತ್ತಿರಬೇಕು. ನಾನು ಹಾಗೇ ಕೂತು ಎಲ್ಲ ಚೀಟಿಗಳ ಅರ್ಥ ಬರೆದುಕೊಂಡೆ, ಒಂದನ್ನು ಬಿಟ್ಟು. ಎಡಗಡೆ ಮೇಲಿನದು, ಹಳದಿ ಬಣ್ಣಕ್ಕೆ ತಿರುಗಿದೆ, '40 ಬೇಡ' ಅಂತಿದೆ. ಯಾವ 40, ಯಾಕೆ ಬೇಡ ಅಂತ ಗೆಳೆಯನಿಗೂ ನೆನಪಿಲ್ಲ, ಹುಡುಗನಿಗಂತೂ ಗೊತ್ತೇ ಇಲ್ಲ. ಆದರೂ ಇಬ್ಬರೂ ಎಲ್ಲೂ 40 ಹಾಕುವುದಿಲ್ಲ. 39 ಹಾಕುತ್ತಾರೆ, ಇಲ್ಲ 41.